ಟ್ವಿಸ್ಟ್ ಇದೆ ಅಂದ್ರೋ, ಪುಸ್ತಕ ಸತ್ತಿತು

ನಮಸ್ಕಾರ, ಬನ್ನಿ, ಕೂತ್ಕೊಳ್ಳಿ. ಇವತ್ತಿಗೆ ಬೇರೇನೋ ವಿಷಯ ಇತ್ತು, ಅದನ್ನ ಪಕ್ಕಕ್ಕಿಟ್ಟಿದ್ದೀನಿ. ಕಾರಣ, ಹೋದ ಸಂಚಿಕೆಯ ಕೆಳಗೆ ಬಿದ್ದಿರೋ ಒಂದು ಕಾಮೆಂಟು. ಓದ್ತೀನಿ ಕೇಳಿ. "ನೀವು ಹೇಳಿದ ಕಾದಂಬರಿ ಓದಿದೆ. ಕೊಲೆ ಮಾಡಿದ್ದು ಯಾರು ಅಂತ ಶುರುವಿನಲ್ಲೇ ಗೊತ್ತಾಗಿಬಿಡುತ್ತೆ. ಟ್ವಿಸ್ಟೇ ಇಲ್ಲ. ಇದನ್ನ ಡಾರ್ಕ್ ಅಂತ ಹೆಂಗ್ರೀ ಹೇಳ್ತೀರಿ? ಟೈಮ್ ವೇಸ್ಟ್." ಕೊನೆಗೆ ಒಂದು ಕೈಮುಗಿಯೋ ಇಮೋಜಿ. ಬೈದ ಮೇಲೆ ಕೈಮುಗಿಯೋದು ನಮ್ಮವರಿಗೆ ಬಂದಷ್ಟು ಚೆನ್ನಾಗಿ ಯಾರಿಗೂ ಬರಲ್ಲ.

ಉತ್ತರ ಕೊಡ್ತೀನಿ. ಸಮಾಧಾನವಾಗೇ ಕೊಡ್ತೀನಿ. ಸಮಾಧಾನ ಎಷ್ಟು ಹೊತ್ತು ಉಳಿಯುತ್ತೋ ಅಷ್ಟು ಹೊತ್ತು.

ನನ್ನದು ಒಂದೇ ಮಾತು. ಯಾರಿಗಾದ್ರೂ ಕಾದಂಬರಿ ಸೂಚಿಸುವಾಗ "ಇದರಲ್ಲಿ ಒಂದು ಟ್ವಿಸ್ಟ್ ಇದೆ" ಅಂತ ಬಾಯಿಬಿಟ್ರಿ ಅಂದ್ರೆ, ಆ ಪುಸ್ತಕದ ಕಥೆ ಮುಗೀತು. ಟ್ವಿಸ್ಟ್ ಏನು ಅಂತ ಹೇಳಬೇಕಾಗಿಲ್ಲ. ಇದೆ ಅಂದ್ರೇ ಸಾಕು. "ನಾನು ಸ್ಪಾಯ್ಲರ್ ಕೊಟ್ಟಿಲ್ಲಪ್ಪ", ಅಂದ್ರೆ ಓದೋ ಮಜಾ ಕೆಡಿಸೋ ಗುಟ್ಟು ಬಿಟ್ಟುಕೊಟ್ಟಿಲ್ಲ, ಅಂತ ಕೈ ತೊಳ್ಕೊಳ್ಳಬೇಡಿ. ಕೊಟ್ಟಿದ್ದೀರಿ. ಆ ಒಂದು ಪದವೇ ಸ್ಪಾಯ್ಲರ್.

ಹೇಗೆ ಅಂತೀರಾ? ಓದುವವನ ತಲೇಲಿ ಏನಾಗುತ್ತೆ ನೋಡಿ. ಟ್ವಿಸ್ಟ್ ಇದೆ ಅಂತ ಕಿವಿಗೆ ಬಿದ್ದ ಕ್ಷಣದಿಂದ ಅವನು ಓದುಗನಾಗಿ ಉಳಿಯಲ್ಲ, ಪತ್ತೇದಾರ ಆಗ್ತಾನೆ. ಒಳ್ಳೆಯ ಹೆಂಡತಿ ಬಂದ್ಲು, ಇವಳೇ ಇರಬೇಕು. ಬಾಗಿಲು ತೆಗೆದ ಆಳು ಒಂದು ಸಲ ಕೆಮ್ಮಿದ, ಇವನೇ ಇರಬೇಕು. ಸತ್ತವರ ಮೇಲೂ ಅನುಮಾನ, ನಿಜವಾಗ್ಲೂ ಸತ್ತಿದ್ದಾರಾ ಅಂತ. ಐವತ್ತು ಪುಟ ಆಗೋದ್ರೊಳಗೆ ನಾಲ್ಕು ಊಹೆ ಕಟ್ಟಿರ್ತಾನೆ. ಕೊನೆಗೆ ಅದರಲ್ಲಿ ಒಂದು ಸರಿ ಆಯ್ತು ಅನ್ಕೊಳ್ಳಿ: "ನಂಗೆ ಮೊದಲೇ ಗೊತ್ತಿತ್ತು ಬಿಡಿ." ನಾಲ್ಕೂ ತಪ್ಪಾಯ್ತು ಅನ್ಕೊಳ್ಳಿ: "ಲೇಖಕ ಮೋಸ ಮಾಡಿದ." ಎರಡೂ ಕಡೆ ಪುಸ್ತಕಕ್ಕೇ ಸೋಲು. ಇಷ್ಟರ ಮಧ್ಯೆ ಆ ಹೆಂಡತಿ ಯಾಕೆ ಅಷ್ಟು ಒಳ್ಳೆಯವಳಾಗಿರಬೇಕಾಯ್ತು, ಯಾರ ಹೆದರಿಕೆಗೆ ಒಳ್ಳೆಯವಳಾದ್ಲು ಅಂತ ಅವನು ಯೋಚನೇನೇ ಮಾಡಿರಲ್ಲ. ಕತ್ತಲು ಇದ್ದದ್ದು ಅಲ್ಲಿ.

ಈಗ ಮಾನ್ಯ ಕಾಮೆಂಟುದಾರರು ಓದಿದ ಪುಸ್ತಕಕ್ಕೆ ಬರೋಣ. ದಾಸ್ತೋವ್ಸ್ಕಿಯ ಕ್ರೈಮ್ ಅಂಡ್ ಪನಿಶ್‌ಮೆಂಟ್. ಆರು ಭಾಗ, ಒಂದು ಉಪಸಂಹಾರ. ಕೊಲೆ ಆಗೋದು ಮೊದಲನೇ ಭಾಗದ ಕೊನೆಯಲ್ಲಿ. ಹೌದು ಸ್ವಾಮಿ, ಐದು ಭಾಗ ಬಾಕಿ ಇರುವಾಗಲೇ ಕೊಲೆ ಮುಗಿದಿದೆ, ಕೊಲೆಗಾರ ಯಾರು ಅಂತಾನೂ ಗೊತ್ತಿದೆ. 1866ರಲ್ಲಿ ಇದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಶುರುವಿನ ಕಂತುಗಳಲ್ಲೇ ಕೊಡಲಿ ಬಿದ್ದಾಗಿತ್ತು. ಉಳಿದ ಕಂತುಗಳಿಗೆ ಜನ ಕಾದಿದ್ದು ಯಾವ ಟ್ವಿಸ್ಟಿಗೆ?

ವಿವರ ನೋಡಿ. ತನ್ನ ಮನೆ ಬಾಗಿಲಿಂದ, ತಾನು ಕೊಲ್ಲಬೇಕು ಅಂತಿರೋ ಗಿರವಿ ಅಂಗಡಿ ಮುದುಕಿಯ ಮನೆಗೆ ಎಷ್ಟು ಹೆಜ್ಜೆ ಅಂತ ಕೊಲೆಗಾರ ರಸ್ಕೋಲ್ನಿಕೋವ್ ಎಣಿಸಿಟ್ಟಿದ್ದಾನೆ. 730. ಕೊಡಲಿ ಕಾಣಬಾರದು ಅಂತ ಕೋಟಿನ ಒಳಗೆ, ಎಡ ಕಂಕುಳ ಕೆಳಗೆ, ಬಟ್ಟೆಯ ಕುಣಿಕೆ ಹೊಲ್ಕೊಂಡಿದ್ದಾನೆ. ಗಿರವಿಗೆ ಅಂತ ಒಂದು ಮರದ ತುಂಡಿಗೆ ಕಬ್ಬಿಣದ ಪಟ್ಟಿ ಸೇರಿಸಿ, ಕಾಗದ ಸುತ್ತಿ, ದಾರ ಬಿಗಿದಿದ್ದಾನೆ. ಯಾಕೆ? ಮುದುಕಿ ಗಂಟು ಬಿಚ್ಚೋದ್ರಲ್ಲಿ ಮುಳುಗಿರ್ಲಿ, ಆ ಹೊತ್ತು ತನಗೆ ಸಿಗಲಿ ಅಂತ. ಕೊಲೆ ಆದ ಮೇಲೆ ಒಳಗಿನಿಂದ ಚಿಲಕದ ಕೊಕ್ಕೆ ಹಾಕಿ ನಿಂತಿರ್ತಾನೆ, ಹೊರಗಡೆ ಯಾರೋ ಬಂದು ಬಾಗಿಲು ಎಳೀತಾರೆ. ಕೊಕ್ಕೆ ಅಲ್ಲಾಡುತ್ತೆ. ಇವನು ಅದನ್ನೇ ನೋಡ್ತಾ ನಿಂತಿದ್ದಾನೆ. ಆ ಹೊತ್ತಲ್ಲಿ ನಿಮ್ಮ ಮನಸ್ಸು ಏನು ಕೇಳುತ್ತೆ? "ಅಯ್ಯೋ, ಇವನು ಸಿಕ್ಕಿಬೀಳದೇ ಇರ್ಲಿ" ಅಂತ. ಮುದುಕಿ, ಅವಳ ತಂಗಿ, ಇಬ್ಬರನ್ನ ಕೊಂದವನು ತಪ್ಪಿಸ್ಕೊಳ್ಲಿ ಅಂತ ನೀವು ಉಸಿರು ಹಿಡ್ಕೊಂಡಿದ್ದೀರಿ. ಡಾರ್ಕ್ ಅಂದ್ರೆ ಇದು. ಕತ್ತಲು ಪುಸ್ತಕದೊಳಗೆ ಇಲ್ಲ, ನಿಮ್ಮೊಳಗೆ ದೀಪ ಹಿಡಿದು ತೋರಿಸ್ತಾ ಇದ್ದಾನೆ ದಾಸ್ತೋವ್ಸ್ಕಿ. ಟ್ವಿಸ್ಟ್ ಬೇಕಂತೆ!

(ನೀರು ಕುಡೀತೀನಿ ಒಂದು ನಿಮಿಷ.)

ಹಾಂ. ಈ ಪುಸ್ತಕ ಬೇರೆಯವರಿಗೆ ಹೇಳುವಾಗ ಎಡವೋದು ಎಲ್ಲಿ ಅಂತಾನೂ ಹೇಳಿಬಿಡ್ತೀನಿ. ಕಥೆಯಲ್ಲಿ ಅಲ್ಲ, ಹೆಸರುಗಳಲ್ಲಿ. ಒಬ್ಬನೇ ಮನುಷ್ಯ ಒಂದು ಕಡೆ ರಸ್ಕೋಲ್ನಿಕೋವ್, ಇನ್ನೊಂದು ಕಡೆ ರೋಡಿಯೋನ್ ರೊಮಾನೊವಿಚ್, ಅವನ ಅಮ್ಮನ ಬಾಯಲ್ಲಿ ರೋದ್ಯ. ಮೂರು ಜನ ಅಂತ ತಿಳ್ಕೊಂಡು ಅರವತ್ತನೇ ಪುಟಕ್ಕೆ ಬಿಟ್ಟವರು ಇದ್ದಾರೆ. ಪರಿಹಾರ ಸುಲಭ: ಒಂದು ಚೀಟಿಯಲ್ಲಿ ಎಂಟು ಹೆಸರು ಬರೆದು ಪುಸ್ತಕದೊಳಗೆ ಇಟ್ಟು ಕೊಡಿ. ಇಂಗ್ಲಿಷಲ್ಲಿ ಓದೋರಿಗೆ ಅನುವಾದದ ಪ್ರಶ್ನೆ ಬರುತ್ತೆ. 1914ರ ಕಾನ್ಸ್ಟನ್ಸ್ ಗಾರ್ನೆಟ್ ಅನುವಾದ ಪುಕ್ಕಟೆ ಸಿಗುತ್ತೆ, ಭಾಷೆ ಹಳೇದು, ಆದ್ರೆ ನೀಟಾಗಿ ಓಡುತ್ತೆ. 1992ರ ಪೆವಿಯರ್ ಮತ್ತು ವೊಲೊಖೊನ್ಸ್ಕಿ ಅನುವಾದ ಸ್ವಲ್ಪ ಒರಟು, ದಾಸ್ತೋವ್ಸ್ಕಿಯ ಮುಗ್ಗರಿಕೆಗಳನ್ನೂ ಹಾಗೇ ಉಳಿಸ್ಕೊಂಡಿದೆ. ಯಾವುದು ತಗೊಳ್ಳೋದು ಗೊತ್ತಾಗ್ಲಿಲ್ಲ ಅಂದ್ರೆ ಎರಡರಲ್ಲೂ ಆ ಕೊಕ್ಕೆಯ ಪುಟ ತೆಗೆದು ಓದಿ. ಎಲ್ಲಿ ಎದೆ ಹೊಡ್ಕೊಳ್ತೋ ಅದನ್ನ ತಗೊಳ್ಳಿ.

ಇನ್ನೊಂದು. 1981ರದ್ದು, ಗಾರ್ಸಿಯಾ ಮಾರ್ಕೆಸ್ ಬರೆದ ಕ್ರಾನಿಕಲ್ ಆಫ್ ಎ ಡೆತ್ ಫೋರ್‌ಟೋಲ್ಡ್. ಸಣ್ಣ ಪುಸ್ತಕ, ನೂರಿಪ್ಪತ್ತು ಪುಟದ ಆಸುಪಾಸು. ಮೊದಲನೇ ವಾಕ್ಯದಲ್ಲೇ ಸಂತಿಯಾಗೊ ನಾಸರ್‌ನನ್ನ ಇವತ್ತು ಕೊಲ್ತಾರೆ ಅಂತ ಹೇಳಿಬಿಡ್ತಾನೆ. ಶೀರ್ಷಿಕೆಯಲ್ಲೇ ಹೇಳಿದ್ದ, ಸಾಲದು ಅಂತ ಮತ್ತೊಂದು ಸಲ. ಕೊಲ್ಲೋರು ಯಾರು? ಅವಳಿ ಅಣ್ಣತಮ್ಮಂದಿರು. ಯಾಕೆ? ತಂಗಿಯ ಮಾನದ ವಿಷಯ. ಯಾವುದರಿಂದ? ಹಂದಿ ಕೊಯ್ಯೋ ಚೂರಿ. ಎಲ್ಲಾ ಬೇಗನೆ ಗೊತ್ತಾಗುತ್ತೆ. ಅವರಿಬ್ಬರೂ ಊರಿಡೀ ಸಾರ್ಕೊಂಡು ತಿರುಗ್ತಾರೆ, ಯಾರಾದ್ರೂ ನಮ್ಮನ್ನ ತಡೀರಪ್ಪ ಅನ್ನೋ ಹಾಗೆ. ಯಾರೂ ತಡೆಯಲ್ಲ. ಒಬ್ಬ ನಂಬಲ್ಲ, ಒಬ್ಬ ಮರೀತಾನೆ, ಇನ್ನೊಬ್ಬ ಅವನಿಗೆ ಈಗಾಗ್ಲೇ ಗೊತ್ತಿರುತ್ತೆ ಅನ್ಕೊಂಡು ಸುಮ್ಮನಿರ್ತಾನೆ. ಗೊತ್ತಿದ್ದೂ ಪುಟ ತಿರುಗಿಸ್ತೀರಿ. ಗೊತ್ತಿರೋದ್ರಿಂದಲೇ ತಿರುಗಿಸ್ತೀರಿ. ಇದನ್ನ ದೊಡ್ಡ ಅಕ್ಷರದಲ್ಲಿ ಬರ್ಕೊಳ್ಳಿ.

ಬರ್ಕೊಂಡ್ರಾ? ಹಾಗೇ ಕೈ ಅಲ್ಲೇ ಇರುವಾಗ ಸಬ್‌ಸ್ಕ್ರೈಬ್ ಗುಂಡಿನೂ ಒತ್ತಿಬಿಡಿ. ಗಂಟೆ ಬಾರಿಸಿ. ಬಾರಿಸದೇ ಇದ್ರೆ ಮುಂದಿನ ಸಂಚಿಕೆ ಬಂದದ್ದೇ ಗೊತ್ತಾಗಲ್ಲ, ಅದು ಬೇಕಾದ್ರೆ ನಿಮಗೆ ಟ್ವಿಸ್ಟ್.

ಇದೆಲ್ಲ ಹೊರಗಿನವರ ಮಾತಾಯ್ತು ಅಂತೀರಾ? ರನ್ನ. ಹತ್ತನೇ ಶತಮಾನ. ಗದಾಯುದ್ಧ. ದುರ್ಯೋಧನ ಸಾಯ್ತಾನೆ ಅಂತ ಆ ಕಾವ್ಯ ಕೇಳೋಕೆ ಕೂತ ಯಾವ ಮನುಷ್ಯನಿಗೆ ಗೊತ್ತಿರಲಿಲ್ಲ? ತೊಡೆ ಮುರಿಯುತ್ತೆ ಅಂತ ಮಕ್ಕಳಿಗೂ ಗೊತ್ತು. ರನ್ನನಿಗೆ "ಸ್ಪಾಯ್ಲರ್ ಅಲರ್ಟ್" ಹಾಕಪ್ಪ ಅಂತ ಹೇಳ್ತಿದ್ರಾ ನೀವು? ಹೆಣಗಳ ಮೇಲೆ ಕಾಲಿಟ್ಟು ನಡೆಯೋ ದುರ್ಯೋಧನ. ಒಂದೊಂದು ಹೆಣಕ್ಕೂ ಒಂದು ಸಂಬಂಧ: ಗುರು, ತಮ್ಮ, ಮಗ, ಗೆಳೆಯ ಕರ್ಣ. ಆಮೇಲೆ ಸರೋವರದ ನೀರೊಳಗೆ ಕೂತಿರೋನು ಹೊರಗಿನಿಂದ ಭೀಮ ಕೂಗಿದ್ದಕ್ಕೆ ನೀರಲ್ಲೇ ಬೆವರ್ತಾನೆ. ನೀರಲ್ಲಿ ಬೆವರು! ಸಾವಿರ ವರ್ಷ ಆಯ್ತು, ಕೊನೆ ಗೊತ್ತಿದ್ದವರೇ ಓದಿ ಇನ್ನೂ ಬೆವರ್ತಿದ್ದಾರೆ. ನಮಗೆ ಟ್ವಿಸ್ಟ್ ಬೇಕಂತೆ.

ಈಗ ನಿಮ್ಮ ವಾದ ನಂಗೆ ಕೇಳಿಸ್ತಿದೆ. "ಹಾಗಾದ್ರೆ ಅಗಾಥಾ ಕ್ರಿಸ್ಟಿ?" ಬನ್ನಿ, ಇದಕ್ಕೇ ಕಾಯ್ತಿದ್ದೆ. 1939, ಆ್ಯಂಡ್ ದೆನ್ ದೇರ್ ವರ್ ನನ್. ಹತ್ತು ಜನ, ಒಂದು ದ್ವೀಪ. ಅಲ್ಲಿ ಯಾವುದು ಬಚ್ಚಿಟ್ಟಿದೆ? ಮಾಡ್ತಿರೋದು ಯಾರು ಅನ್ನೋದೊಂದು. ಯಾವುದು ಬಿಚ್ಚಿಟ್ಟಿದೆ? ಉಳಿದದ್ದೆಲ್ಲ. ಪ್ರತಿ ಕೋಣೆಯಲ್ಲೂ ಒಂದು ಶಿಶುಗೀತೆ ತೂಗು ಹಾಕಿದೆ, ಒಂದರ ನಂತರ ಒಂದು ಸಾವು ಹೆಂಗೆ ಅಂತ ಅದರಲ್ಲೇ ಇದೆ. ಊಟದ ಮೇಜಿನ ಮೇಲೆ ಹತ್ತು ಗೊಂಬೆ, ಒಬ್ಬರು ಸತ್ತ ಹಾಗೆ ಒಂದೊಂದೇ ಮಾಯ. ಮತ್ತೆ ಶೀರ್ಷಿಕೆ? ಕೊನೆಗೆ ಯಾರೂ ಉಳಿಯಲ್ಲ ಅಂತ ರಕ್ಷಾಪುಟದ ಮೇಲೇ ಇದೆ ಮಾರಾಯ್ರೆ! ಆ ಪುಸ್ತಕದಲ್ಲಿ ನಿಮ್ಮನ್ನ ನಡುಗಿಸೋದು ಕೊನೆಯ ಉತ್ತರ ಅಲ್ಲ, ಗೊಂಬೆ ಎಣಿಸೋದು. ಎಂಟು. ಏಳು. ಆರು.

"ಹಾಗಾದ್ರೆ ಗಾನ್ ಗರ್ಲ್?" ಅಂತಾರೆ ಇನ್ನು ಕೆಲವರು. ಗಿಲಿಯನ್ ಫ್ಲಿನ್, 2012. ಗಂಡ ಒಂದು ಅಧ್ಯಾಯ, ಹೆಂಡತಿ ಒಂದು ಅಧ್ಯಾಯ. ಸರಿ, ಅದರಲ್ಲಿ ಒಂದು ಇದೆ. ಆದ್ರೆ ಅದು ಬರೋದು ಪುಸ್ತಕದ ನಟ್ಟನಡುವೆ, ಇನ್ನೂ ಅರ್ಧ ಪುಸ್ತಕ... ಅಯ್ಯೋ. ನೋಡಿ, ನಾನೇ ಹೇಳಿಬಿಟ್ಟೆ. ಓದದೇ ಇರೋರು ಈಗ ಅರ್ಧದವರೆಗೂ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಾರೆ. ಇದನ್ನ ಎಡಿಟ್ ಮಾಡಲ್ಲ, ಹಾಗೇ ಇರಲಿ. ಎಷ್ಟು ಸುಲಭವಾಗಿ ಒಂದು ಪುಸ್ತಕ ಸಾಯುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಪ್ರಾತ್ಯಕ್ಷಿಕೆ ಸಿಗಲ್ಲ.

ಹಾಗಾದ್ರೆ ಹೇಳೋದು ಹೆಂಗೆ? ಇದೊಂದು ಕಡೆ ಬೈಗುಳ ನಿಲ್ಲಿಸಿ ಕೆಲಸದ ಮಾತಾಡ್ತೀನಿ, ಯಾಕಂದ್ರೆ "ಡಾರ್ಕ್ ಆಗಿರೋದು ಒಂದು ಹೇಳಿ" ಅಂತ ಯಾರೋ ಕೇಳಿದ ತಕ್ಷಣ ಹತ್ತು ಹೆಸರು ಉದುರಿಸೋ ಚಟ ಎಲ್ಲರಿಗೂ ಇದೆ. ಮೊದಲು ನೀವು ಕೇಳಿ. ಅರ್ಧಕ್ಕೆ ಬಿಟ್ಟ ಕೊನೆಯ ಪುಸ್ತಕ ಯಾವುದು, ಎಲ್ಲಿಗೆ ಬಿಟ್ರಿ? ಇಷ್ಟವಾದ ಪುಸ್ತಕದ ಹೆಸರಿಗಿಂತ ಈ ಉತ್ತರ ಹೆಚ್ಚು ಹೇಳುತ್ತೆ. ಇಪ್ಪತ್ತನೇ ಪುಟಕ್ಕೆ ಬಿಟ್ಟಿದ್ರೆ ಬರವಣಿಗೆಯ ಧ್ವನಿ ಹಿಡಿಸಿಲ್ಲ. ಇನ್ನೂರಕ್ಕೆ ಬಿಟ್ಟಿದ್ರೆ ಕಥೆ ನಿಂತಿದೆ, ಅಥವಾ ತಡ್ಕೊಳ್ಳೋಕೆ ಆಗಿಲ್ಲ. ಎರಡಕ್ಕೂ ಮದ್ದು ಬೇರೆ.

ಆಮೇಲೆ, ಯಾವ ಕತ್ತಲು ಬೇಕು ಅಂತ ಕೇಳಿ. ಮನೆಯೊಳಗಿನ ಕತ್ತಲಾ, ಮನುಷ್ಯನ ತಲೆಯೊಳಗಿಂದಾ, ಲೋಕವೇ ಮುಳುಗಿದ ಕತ್ತಲಾ? ಮನೆಯೊಳಗಿಂದು ಅಂದ್ರೆ ವಿವೇಕ ಶಾನಭಾಗರ ಘಾಚರ್ ಘೋಚರ್. ಒಂದೇ ಕೂರಿಕೆಗೆ ಮುಗಿಯುತ್ತೆ, ಇರುವೆ ಕೊಲ್ಲೋ ಪುಟಗಳನ್ನ ಸುಮ್ಮನೆ ದಾಟಬೇಡಿ ಅಂತ ಮಾತ್ರ ಹೇಳಿ. ತಲೆಯೊಳಗಿಂದು ಅಂದ್ರೆ ಯಶವಂತ ಚಿತ್ತಾಲರ ಶಿಕಾರಿ, 1979. ಕೆಲಸದಿಂದ ಅಮಾನತು, ಆರೋಪ ಏನು ಅಂತ ನಾಗಪ್ಪನಿಗೇ ಗೊತ್ತಿಲ್ಲ. ಇದು ದಪ್ಪ ಪುಸ್ತಕ, ನಿಧಾನ. ಅವನ ಅನುಮಾನ ನಿಮಗೆ ಅಂಟೋವರೆಗೂ ಬಿಡಬೇಡಿ. ಹೆಣ ಮಧ್ಯದಲ್ಲಿ ಬಿದ್ದಿರಬೇಕು, ಸುತ್ತಲಿನವರು ಬೆತ್ತಲಾಗ್ಬೇಕು ಅನ್ನೋರಿಗೆ ಸಂಸ್ಕಾರ, 1965. ಲೋಕವೇ ಮುಳುಗಿದ್ದು ಅಂದ್ರೆ ಕಾರ್ಮ್ಯಾಕ್ ಮೆಕಾರ್ಥಿಯ ದಿ ರೋಡ್, 2006. ಅಪ್ಪ, ಮಗ, ಬೂದಿ. ಇಬ್ಬರಿಗೂ ಹೆಸರಿಲ್ಲ, ಮಾತಿಗೆ ಉದ್ಧರಣ ಚಿಹ್ನೆ ಇಲ್ಲ, ಲೋಕ ಯಾಕೆ ಸುಟ್ಟುಹೋಯ್ತು ಅಂತ ಕೊನೆವರೆಗೂ ಹೇಳಲ್ಲ. ಇದನ್ನ ಮೊದಲೇ ಹೇಳಿ ಕೊಡಿ. ಇಲ್ಲಾಂದ್ರೆ ಓದೋನು "ಕಾರಣ ಏನು" ಅಂತ ಕಾದು ಕಾದು ಕೊನೆಗೆ ನಿಮಗೆ ಶಾಪ ಹಾಕ್ತಾನೆ. ಮನೇಲಿ ಎಳೆಗೂಸು ಇರೋರಿಗೆ ಈಗಲೇ ಬೇಡ.

ಎಚ್ಚರಿಕೆ ಕೊಡೋದು ಸ್ಪಾಯ್ಲರ್ ಆಗಲ್ವಾ ಅಂತ ಕೇಳ್ತಾರೆ. ಆಗಲ್ಲ. ಏನಿದೆ ಅಂತ ಹೇಳಿ. ಯಾರಿಗೆ, ಯಾವಾಗ ಅಂತ ಹೇಳ್ಬೇಡಿ. ಸರಮಾಗೊ ಬರೆದ ಬ್ಲೈಂಡ್‌ನೆಸ್, 1995, ಕೊಡೋದಾದ್ರೆ ಅದರಲ್ಲಿ ಲೈಂಗಿಕ ಹಿಂಸೆ ಇದೆ ಅಂತ ನೇರವಾಗಿ ಹೇಳಿ. ಹಾನ್ ಕಾಂಗ್ ಬರೆದ ದಿ ವೆಜಿಟೇರಿಯನ್ ಕೊಡೋದಾದ್ರೆ, ಊಟ ಬಿಡೋದು, ಮೈಗೆ ನೋವು ಮಾಡ್ಕೊಳ್ಳೋದು ಇದೆ ಅಂತ ಹೇಳಿ. ಅದು ವಸ್ತು. ಟ್ವಿಸ್ಟ್ ಅಂದ್ರೆ ಆಕಾರ. ವಸ್ತು ಹೇಳಿದ್ರೆ ಓದೋನು ಮೈ ಗಟ್ಟಿ ಮಾಡ್ಕೊಳ್ತಾನೆ, ಆಕಾರ ಹೇಳಿದ್ರೆ ಓದೋದನ್ನೇ ಬಿಟ್ಟು ಅಳತೆ ತೆಗೀತಾನೆ.

ಕಥೆ ಎಷ್ಟು ಹೇಳ್ಬೇಕು? ಲೆಕ್ಕ ಕೊಡ್ತೀನಿ: ಹತ್ತರಲ್ಲಿ ಒಂದು ಪಾಲು. 300 ಪುಟದ ಪುಸ್ತಕ ಅಂದ್ರೆ ಮೊದಲ 30 ಪುಟದಲ್ಲಿ ಇರೋದನ್ನ ಮಾತ್ರ ಬಾಯಿಗೆ ತರಬೇಕು. ಯಾರು, ಏನು ಬೇಕು ಅವರಿಗೆ, ಏನು ಅಡ್ಡ ಬಂತು, ಮುಗೀತು. ಹಳೆಯ ಕೃತಿಗಳ ಮುನ್ನುಡಿ ಹಾರಿಸಿ, ಕಡೆಗೆ ಓದಿ ಅಂತ ಹೇಳೋದು ಮರೀಬೇಡಿ. ಮುನ್ನುಡಿ ಬರೆಯೋ ವಿದ್ವಾಂಸರಿಗೆ ಮೂರನೇ ಪುಟದಲ್ಲೇ ಸಾವು, ಮದುವೆ, ಎಲ್ಲಾ ಹೇಳಿಬಿಡೋ ಖಾಯಿಲೆ ಇರುತ್ತೆ. ಹಿಂಬದಿ ರಕ್ಷಾಪುಟವೂ ಅಷ್ಟೇ. "ನೀವು ಊಹಿಸಲಾರದ ಅಂತ್ಯ!" ಅಂತ ಅಲ್ಲಿ ಇದ್ದೇ ಇರುತ್ತೆ. ಅದರ ಮೇಲೆ ಒಂದು ಕಾಗದ ಅಂಟಿಸಿ ಕೊಡಿ. ತಮಾಷೆ ಮಾಡ್ತಿಲ್ಲ.

ಬಿಡೋಕೆ ಅನುಮತಿನೂ ಕೊಡಿ. ನೂರೈವತ್ತು ಪುಟದ್ದಾದ್ರೆ 25 ಪುಟ ನೋಡಿ, ದಪ್ಪದ್ದಾದ್ರೆ 60. ಡೋನಾ ಟಾರ್ಟ್ ಬರೆದ ದಿ ಸೀಕ್ರೆಟ್ ಹಿಸ್ಟರಿ, 1992, ಐನೂರು ಪುಟ ದಾಟುತ್ತೆ. ಸತ್ತಿದ್ದು ಯಾರು, ಕೊಂದಿದ್ದು ಯಾರು ಅಂತ ಪೀಠಿಕೆಯಲ್ಲೇ ಇದೆ, ಆಮೇಲೆ ನೂರಾರು ಪುಟ ಕಾಲೇಜು, ಗ್ರೀಕ್ ಪಾಠ, ಕುಡಿತ. ಆ ಪೀಠಿಕೆ ತಲೇಲಿ ಇದ್ರೆ ಗ್ರೀಕ್ ಪಾಠವೂ ಕೊಲೆಯ ತಯಾರಿ ಥರ ಕಾಣುತ್ತೆ. ಇಲ್ಲದಿದ್ರೆ ಬರೀ ಗ್ರೀಕ್ ಪಾಠ.

ಇನ್ನೊಂದು ಪುಸ್ತಕ, ಇದಕ್ಕೆ ನಂಗೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ. ಕಜುವೊ ಇಶಿಗುರೊ ಬರೆದ ನೆವರ್ ಲೆಟ್ ಮಿ ಗೋ, 2005. ಇದನ್ನ "ಭಯಂಕರ ಟ್ವಿಸ್ಟ್" ಅಂತ ಹೇಳಿ ಹೇಳಿ ಸಾಯಿಸಿದ್ದಾರೆ. ಅಲ್ಲಿ ಟ್ವಿಸ್ಟ್ ಎಲ್ಲಿದೆ? ನಿರೂಪಕಿ ಕ್ಯಾಥಿ ಮೊದಲ ಪುಟದಲ್ಲೇ ತನ್ನ ಕೆಲಸ ಹೇಳ್ಕೊಳ್ತಾಳೆ. ಮೂರನೇ ಒಂದು ಭಾಗ ಮುಗಿಯೋದ್ರೊಳಗೆ ಒಬ್ಬ ಟೀಚರ್ ಶಾಲೆಯ ಮಕ್ಕಳಿಗೆ ಮುಂದೆ ಏನು ಕಾದಿದೆ ಅಂತ ಎಲ್ಲಾ ನೆಟ್ಟಗೆ ಹೇಳಿಬಿಡ್ತಾರೆ. ಟ್ವಿಸ್ಟಿಗೆ ಕಾದಿರೋನು ಅಲ್ಲಿ "ಇಷ್ಟೇನಾ?" ಅಂತಾನೆ. ಇಷ್ಟೇ ಅಲ್ಲಪ್ಪ! ಆ ಮಕ್ಕಳಿಗೆ ಗೊತ್ತು, ಆದ್ರೂ ಓಡಿಹೋಗಲ್ಲ, ಯಾಕೆ ಓಡಿಹೋಗಲ್ಲ ಅನ್ನೋದೇ ಪುಸ್ತಕ. ಗೊತ್ತಿದೆ ಮತ್ತು ಗೊತ್ತಿಲ್ಲ, ಎರಡೂ ಒಟ್ಟಿಗೆ. ಅಂಥಾ ಪುಸ್ತಕನ ಹಿಡ್ಕೊಂಡು ಟ್ವಿಸ್ಟ್ ಅಂತೀರಲ್ಲ!

ಪೆಟ್ರೀಶಿಯಾ ಹೈಸ್ಮಿತ್ ಬರೆದ, ರಿಪ್ಲಿ ಅನ್ನೋ ಕೊಲೆಗಾರನ ಸರಣಿ ಇದೆ. ಐದು ಕಾದಂಬರಿ, ಮೊದಲನೇದು 1955, ಕೊನೇದು 1991. ಅಂದ್ರೆ ಮೊದಲನೇದರಲ್ಲಿ ಅವನು ಸಿಕ್ಕಿಬೀಳಲ್ಲ ಅಂತ ಲೈಬ್ರರಿ ಕಪಾಟು ನೋಡಿದವನಿಗೂ ಗೊತ್ತು. ಆದ್ರೂ ಬಾಗಿಲು ತಟ್ಟಿದ್ರೆ ನಿಮ್ಮ ಎದೆ ಧಸಕ್ ಅನ್ನುತ್ತೆ. ಯಾಕೆ? ಹೇಳಿ ನೋಡೋಣ, ಯಾಕೆ? ಹಿಚ್‌ಕಾಕ್ ಹೇಳಿದ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಕೊಡಬೇಡಿ (ಬಾಂಬ್ ಇದೆ ಅಂತ ನೋಡೋರಿಗೆ ಗೊತ್ತು, ಮೇಜಿಗೆ ಕೂತೋರಿಗೆ ಗೊತ್ತಿಲ್ಲ), ಅದನ್ನ ಎಲ್ಲರೂ ಕೊಡ್ತಾರೆ.

ಇನ್ನು ಮೂರು ಕಾರಣ ಬರ್ಕೊಂಡಿದ್ದೆ. ಎರಡನೇದು ಮೊದಲನೇದೇ, ಮೂರನೇದು ನಂಗೆ ನನ್ನದೇ ಅಕ್ಷರ ಓದೋಕಾಗ್ತಿಲ್ಲ. ಇರ್ಲಿ ಬಿಡಿ. ಕಾರಣ ಯಾಕೆ ಬೇಕು? ಟ್ವಿಸ್ಟ್ ಅನ್ಬೇಡಿ ಅಂದ್ರೆ ಅನ್ಬೇಡಿ! "ಹಾಗಾದ್ರೆ ತಿರುವು ಅನ್ನಬಹುದಾ?" ಅಂತ ಒಬ್ಬರು ಈಗಲೇ ಟೈಪ್ ಮಾಡ್ತಿರ್ತಾರೆ, ನಂಗೆ ಗೊತ್ತು. ತಿರುವೂ ಬೇಡ, ಮಲುಕೂ ಬೇಡ, ಕಣ್ಣು ಮಿಟುಕಿಸಿ "ಓದಿ ನೋಡಿ, ಆಮೇಲೆ ಮಾತಾಡೋಣ" ಅಂತ ನಗ್ತೀರಲ್ಲ, ಅದಂತೂ ಬೇಡವೇ ಬೇಡ. ಆ ನಗುನೂ ಸ್ಪಾಯ್ಲರ್.

ಮುಂದಿನ ವಾರ ದೆವ್ವದ ಮನೆಗಳ ಕಾದಂಬರಿ. ಮನೆಯ ನಕ್ಷೆ ಹಾಳೆಯಲ್ಲಿ ಬರ್ಕೊಂಡು ಓದಬೇಕಾದಂಥವು. ಪೆನ್ಸಿಲ್ ಇಟ್ಕೊಂಡು ಬನ್ನಿ. ಲಿಂಕ್, ಪಟ್ಟಿ, ಎಲ್ಲಾ ಕೆಳಗಿದೆ. ಹಂಚಿ.

ಮತ್ತೆ ನಮ್ಮ ಮಾನ್ಯ ಕಾಮೆಂಟುದಾರರೇ, ನಿಮಗಂತಲೇ ಒಂದು. ಶರ್ಲಿ ಜಾಕ್ಸನ್, 1962, ವಿ ಹ್ಯಾವ್ ಆಲ್ವೇಸ್ ಲಿವ್ಡ್ ಇನ್ ದ ಕಾಸಲ್. ನೂರೈವತ್ತು ಪುಟದ ಆಸುಪಾಸು. ಮೊದಲನೇ ಪ್ಯಾರಾದಲ್ಲಿ ಹದಿನೆಂಟು ವರ್ಷದ ಹುಡುಗಿ ತನ್ನ ಹೆಸರು, ವಯಸ್ಸು, ಇಷ್ಟ ಕಷ್ಟ ಎಲ್ಲಾ ಹೇಳ್ಕೊಂಡು, ಕೊನೇ ವಾಕ್ಯದಲ್ಲಿ ಮನೆಯ ಉಳಿದವರೆಲ್ಲ ಸತ್ತಿದ್ದಾರೆ ಅಂತಾಳೆ, ಹವಾಮಾನ ವರದಿ ಓದಿದ ಹಾಗೆ. ಅಷ್ಟೇ ಹೇಳೋದು ನಾನು. ಟ್ವಿಸ್ಟ್ ಇದೆಯಾ ಅಂತ ಕೇಳ್ಬೇಡಿ, ಹೇಳಲ್ಲ. ಹೇಳಲ್ಲ ಅಂದ ಮಾತ್ರಕ್ಕೆ ಇದೆ ಅಂತಲ್ಲ. ಇಲ್ಲ ಅಂತಾನೂ ಅಲ್ಲ. ಅಂದ್ರೆ ನಾನು ಹೇಳ್ತಿರೋದು... ಏ, ಹೋಗಿ ಓದ್ರಿ.